ತಾರಸಿ ಸೋರುತ್ತಿದೆ, ಓನರ್ ರಿಪೇರಿ ಮಾಡಿಸುತ್ತಿಲ್ಲ. ಬಾಡಿಗೆ ನಿಲ್ಲಿಸಬಹುದಾ?

ಮತ್ತಿಕೆರೆ ಬಾಡಿಗೆದಾರೆ:
ಎಲ್ಲರಿಗೂ ನಮಸ್ಕಾರ. ನಮ್ಮದು ಒಂದು ಬೆಡ್‌ರೂಮಿನ ಮನೆ, ಎರಡನೇ ಮಹಡಿ, ಮೇಲೆ ಬರೀ ತಾರಸಿ. ಬಾಡಿಗೆ 16,000, ಅಡ್ವಾನ್ಸ್ ಒಂದು ಲಕ್ಷ. ಮಳೆ ಶುರುವಾದಾಗಿನಿಂದ ಬೆಡ್‌ರೂಮಿನ ಸೂರು ತೇವ ಹಿಡಿದಿದೆ. ಬಣ್ಣ ಹಪ್ಪಳದ ಹಾಗೆ ಎದ್ದು ಹಾಸಿಗೆ ಮೇಲೆ ಉದುರುತ್ತಿದೆ. ಮಂಚ ಹಾಲಿಗೆ ಎಳೆದುಕೊಂಡಿದ್ದೇವೆ. ಅಮ್ಮನಿಗೆ ಮೊದಲೇ ಉಬ್ಬಸ, ಈ ಬೂಷ್ಟಿನ ವಾಸನೆಗೆ ರಾತ್ರಿಯೆಲ್ಲಾ ಕೆಮ್ಮು.

ಓನರ್ ಅಂಕಲ್ ಕೆಳಗಿನ ಮನೆಯಲ್ಲೇ ಇದ್ದಾರೆ. ಕೆಟ್ಟವರೇನಲ್ಲ, ಹಬ್ಬಕ್ಕೆ ಒಬ್ಬಟ್ಟು ಕಳಿಸುತ್ತಾರೆ. ಸೋರುವ ವಿಷಯ ಎತ್ತಿದರೆ ಮಾತ್ರ "ಮಳೆ ನಿಲ್ಲಲಿ ನೋಡೋಣಮ್ಮ". ಹೋದ ವರ್ಷ ಮಳೆ ನಿಂತ ಮೇಲೆ ಕೇಳಿದ್ದಕ್ಕೆ, "ಈಗ ಸೋರ್ತಿಲ್ವಲ್ಲಮ್ಮ" ಅಂದಿದ್ದರು!

ಬಾಡಿಗೆ ನಿಲ್ಲಿಸು, ತಾನಾಗೇ ದಾರಿಗೆ ಬರ್ತಾರೆ ಅಂತ ಆಫೀಸಿನಲ್ಲಿ ಹೇಳುತ್ತಿದ್ದಾರೆ. ನಿಲ್ಲಿಸಬಹುದಾ?

ಕರಿಕೋಟು:
ದಯವಿಟ್ಟು ನಿಲ್ಲಿಸಬೇಡಿ. ನಿಲ್ಲಿಸಿದರೆ ಸೋರುವ ಮಾತು ಹಿಂದಕ್ಕೆ ಹೋಗಿ, ಬಾಡಿಗೆ ಬಾಕಿಯ ಮಾತೇ ಮುಂದೆ ಬರುತ್ತದೆ. ಅಡ್ವಾನ್ಸ್ ಬೇರೆ ಅವರ ಕೈಯಲ್ಲಿದೆ.

ಕರ್ನಾಟಕ ಬಾಡಿಗೆ ಕಾಯ್ದೆ 1999 ನಿಮಗೆ ಉಪಯೋಗಕ್ಕೆ ಬರಲ್ಲ. ಬೆಂಗಳೂರಿನಲ್ಲಿ ತಿಂಗಳ ಬಾಡಿಗೆ 3,500 ದಾಟಿದರೆ ಅದು ಅನ್ವಯಿಸುವುದಿಲ್ಲ. ಈಗ ಆ ಬಾಡಿಗೆಗೆ ಗ್ಯಾರೇಜೂ ಸಿಗಲ್ಲ, ಬಿಡಿ. ನಿಮಗೆ ಬೇಕಾದ್ದು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್. ಮಾಲೀಕರು ಮಾಡಿಸಲೇಬೇಕಾದ ರಿಪೇರಿಯನ್ನು, ನೋಟಿಸ್ ಕೊಟ್ಟು ಸಾಕಷ್ಟು ಸಮಯವಾದ ಮೇಲೂ ಮಾಡಿಸದಿದ್ದರೆ, ಬಾಡಿಗೆದಾರರೇ ಮಾಡಿಸಿ ಆ ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು.

ಇಲ್ಲಿ "ಮಾಡಿಸಲೇಬೇಕಾದ" ಅನ್ನುವುದೇ ಮುಖ್ಯ. ಅಗ್ರಿಮೆಂಟ್ ತೆಗೆದು ನೋಡಿ. ಸಣ್ಣಪುಟ್ಟ ರಿಪೇರಿ ಬಾಡಿಗೆದಾರರದ್ದು, ದೊಡ್ಡದು ಮಾಲೀಕರದ್ದು ಅಂತ ಒಂದು ಸಾಲು ಇದ್ದರೆ ನಿಮ್ಮ ಕೈ ಮೇಲು. ಎಲ್ಲಾ ರಿಪೇರಿಯೂ ನಿಮ್ಮದೇ ಅಂತ ಬರೆದು ಸಹಿ ಹಾಕಿದ್ದರೆ ಕಷ್ಟ. ಇನ್ನೊಂದು, ಅಗ್ರಿಮೆಂಟಿನ ಹನ್ನೊಂದು ತಿಂಗಳು ಮುಗಿದು ಸುಮ್ನೆ ಮುಂದುವರಿದಿದ್ದೀರಾ? ಹಾಗಿದ್ದರೆ ಅವರು 15 ದಿನದ ನೋಟಿಸ್ ಕೊಟ್ಟು ಖಾಲಿ ಮಾಡಿ ಅನ್ನಬಹುದು. ಅದು ನೆನಪಿರಲಿ.

ವೈರಲ್ ವಿಶ್ವ:
2021ರಲ್ಲಿ ಹೊಸ ಕಾನೂನು ಬಂತಲ್ವಾ? ಅರ್ಧ ಬಾಡಿಗೆ ಮುರಿದುಕೊಳ್ಳಬಹುದು ಅಂತ ವಾಟ್ಸಾಪಲ್ಲಿ ಓದಿದ ನೆನಪು.

ಕರಿಕೋಟು:
ಅದು ಕೇಂದ್ರದ ಮಾದರಿ ಬಾಡಿಗೆ ಕಾಯ್ದೆ. ತಿಂಗಳಿಗೆ ಅರ್ಧ ಬಾಡಿಗೆವರೆಗೆ ಮುರಿದುಕೊಳ್ಳಬಹುದು ಅಂತ ಅದರಲ್ಲಿ ಇರುವುದು ನಿಜ. ಆದರೆ ರಾಜ್ಯ ತನ್ನದೇ ಕಾನೂನು ಮಾಡಿದರೆ ಮಾತ್ರ ಅದು ನಡೆಯುತ್ತದೆ. ಅದನ್ನು ತೋರಿಸಿ ಜಗಳಕ್ಕೆ ಹೋಗಬೇಡಿ.

ಗಾರೆ ಕೆಲಸ:
ನಾನು ವಾಟರ್‌ಪ್ರೂಫಿಂಗ್ ಮಾಡಿಸುವವನು. ಮೊದಲು ತಾರಸಿಗೆ ಹೋಗಿ ಮಳೆನೀರಿನ ಪೈಪಿನ ಬಾಯಿ ನೋಡಿ. ಎಲೆ, ಪ್ಲಾಸ್ಟಿಕ್ ಕವರ್ ಕಟ್ಟಿಕೊಂಡು ನೀರು ನಿಂತಿರುತ್ತದೆ. ಮಳೆ ಇಲ್ಲದ ದಿನಗಳಲ್ಲೂ ತೇವ ಜಾಸ್ತಿ ಆಗುತ್ತಿದ್ದರೆ ಟ್ಯಾಂಕ್ ಅಥವಾ ಅದರ ಪೈಪ್ ಸೋರುತ್ತಿರಬಹುದು. ಅದಕ್ಕೆ ಮಳೆ ನಿಲ್ಲುವವರೆಗೆ ಕಾಯಬೇಕಿಲ್ಲ. ಕೋಟಿಂಗ್‌ಗೆ ಮಾತ್ರ ತಾರಸಿ ಒಣಗಿರಬೇಕು, ಅಷ್ಟರಮಟ್ಟಿಗೆ ನಿಮ್ಮ ಅಂಕಲ್ ಹೇಳಿದ್ದು ಸುಳ್ಳಲ್ಲ. ಅಲ್ಲಿಯವರೆಗೆ ಟಾರ್ಪಾಲ್ ಹೊದಿಸಲು ಹೇಳಿ. ತೇವ ಲೈಟಿನ ಪಾಯಿಂಟ್ ಹತ್ತಿರ ಬಂದಿದ್ದರೆ ಆ ರೂಮಿನ ಎಂಸಿಬಿ (ಕರೆಂಟ್ ಬೋರ್ಡಿನಲ್ಲಿರುವ ಸ್ವಿಚ್) ಇವತ್ತೇ ಆಫ್ ಮಾಡಿ.

ಮತ್ತಿಕೆರೆ ಬಾಡಿಗೆದಾರೆ:
ಅಗ್ರಿಮೆಂಟಲ್ಲಿ ಆ ಸಾಲು ಇದೆ! ದೊಡ್ಡ ರಿಪೇರಿ ಮಾಲೀಕರದ್ದೇ. ಹೊಸ ಅಗ್ರಿಮೆಂಟಿಗೆ ಇನ್ನೂ ಆರು ತಿಂಗಳಿದೆ. ಆದರೆ ನೋಟಿಸ್ ಅಂದ್ರೆ ಲಾಯರ್ ಕೈಲೇ ಕಳಿಸಬೇಕಾ? ಕೆಳಗಿನ ಮನೆಗೆ ಪೋಸ್ಟಲ್ಲಿ ನೋಟಿಸ್ ಅಂದ್ರೆ ತುಂಬಾ ಮುಜುಗರ.

ನಾನೂ ಓನರ್:
ಲಾಯರ್ ನೋಟಿಸ್ ಬಂದರೆ ನನಗಂತೂ ಮೊದಲು ಸಿಟ್ಟೇ ಬರುತ್ತದೆ. ಗಾರೆಯವರಿಂದ ಎಸ್ಟಿಮೇಟ್ ಹಾಕಿಸಿಕೊಂಡು ಹೋಗಿ. ಎಷ್ಟಾಗುತ್ತೋ ಅನ್ನುವ ಭಯಕ್ಕೇ ನಮ್ಮಲ್ಲಿ ಅರ್ಧ ಜನ ಮುಂದೂಡುವುದು.

ಕರಿಕೋಟು:
ಲಾಯರ್ ಬೇಡ, ನೀವೇ ಬರೆಯಿರಿ. ತಾರೀಕು ಹಾಕಿ, ಫೋಟೋ ಸಮೇತ ವಾಟ್ಸಾಪ್ ಮಾಡಿ. ಅದನ್ನೇ ಕಾಗದದಲ್ಲೂ ಕೊಟ್ಟು ಒಂದು ಪ್ರತಿಗೆ ಸಹಿ ಹಾಕಿಸಿಕೊಳ್ಳಿ. ಹೀಗೆ ಬರೆದರೆ ಸಾಕು: "ಅಂಕಲ್, ಬೆಡ್‌ರೂಮ್ ಸೂರು ಸೋರುತ್ತಿರುವುದನ್ನು ಹೋದ ವರ್ಷವೇ ತಿಳಿಸಿದ್ದೆವು. ಎಸ್ಟಿಮೇಟ್ ಜೊತೆಗಿದೆ. ಟಾರ್ಪಾಲ್ ಈ ವಾರ ಹಾಕಿಸಿ, ತಾರಸಿ ಒಣಗಿದ ಮೇಲೆ ಒಂದು ತಿಂಗಳೊಳಗೆ ಕೆಲಸ ಮಾಡಿಸಿಕೊಡಿ. ಆಗದಿದ್ದರೆ ನಾವೇ ಮಾಡಿಸಿ, ಬಿಲ್ ಕೊಟ್ಟು ಬಾಡಿಗೆಯಲ್ಲಿ ಮುರಿದುಕೊಳ್ಳುತ್ತೇವೆ."