ಹಚ್ಚೋದೋ, ಕುಡಿಯೋದೋ?

ಗಿರ್ಮಿಟ್ ಮುಗಿದಿತ್ತು. ತಟ್ಟೆಯಲ್ಲಿ ಮಿರ್ಚಿ ಇನ್ನೂ ನಾಲ್ಕು ಇದ್ದವು. ಧಾರವಾಡದ ಮಳೆ, ಎದ್ದು ಹೋಗುವ ಹಾಗಿಲ್ಲ. ಪಾಟೀಲ ಒದ್ದೆ ಬಟ್ಟೆಯ ಗಂಟು ಬಿಚ್ಚಿ ನಾಲ್ಕು ಎಲೆ ತೆಗೆದ. "ನನಗೆ ಚಹಾ ಬೇಡ, ಬರೀ ಬಿಸಿನೀರು" ಎಂದ. ಹೋಟೆಲ್ ಹುಡುಗ ಗಾಬರಿಯಾಗಿ ನೋಡಿದ.

"ಏನಪಾ ಅದು?"

"ಲೆಮನ್ ಬಾಮ್. ಮಗಳು ಬೆಂಗಳೂರಿನಿಂದ ತಂದಳು. ಒಂದು ಸಸಿಗೆ 400 ರೂಪಾಯಿ! ಕುಡಿದರೆ ಒಳ್ಳೆ ನಿದ್ದೆ."

ಬಸಣ್ಣ ಹಣೆ ಮುಂದೆ ಚಾಚಿದ. "ಹಚ್ಚು."

"ಹಚ್ಚೋದಲ್ಲೋ, ಕುಡಿಯೋದು!"

"ಬಾಮ್ ಕುಡಿಯೋ ಕಾಲ ಬಂತಾ? ನಾಳೆ ನೋವಿನ ಎಣ್ಣೆಯಲ್ಲಿ ಒಗ್ಗರಣೆ ಕೊಡೋಣ ಬಿಡು."

ಕುಲಕರ್ಣಿ ಮಾಸ್ತರರು ಕನ್ನಡಕ ಏರಿಸಿದರು. ರಿಟೈರ್ ಆದ ಮೇಲೆ ಪಾಪ, ಕ್ಲಾಸು ಸಿಗೋದೇ ಅಪರೂಪ. "ಅದು ನಮ್ಮ ತುಳಸಿ, ಪುದೀನ ಇವುಗಳ ಬಳಗ. ನಿಂಬೆಯ ವಾಸನೆ ಇದೆ ಅಷ್ಟೇ, ನಂಟಿಲ್ಲ. ಹುಟ್ಟಿದ್ದು ಮೆಡಿಟರೇನಿಯನ್ ಸಮುದ್ರದ ಕಡೆ. ಶಾಸ್ತ್ರದ ಹೆಸರು ಮೆಲಿಸ್ಸಾ. ಗ್ರೀಕರಲ್ಲಿ ಮೆಲಿಸ್ಸಾ ಅಂದರೆ ಜೇನುನೊಣ. ಜೇನು ಬಂದು ನಿಲ್ಲಲಿ ಅಂತ ಗೂಡಿಗೆ ಈ ಎಲೆ ತಿಕ್ಕುತ್ತಿದ್ದರು."

"ತಿಕ್ಕುತ್ತಿದ್ದರು! ಕೇಳಿದೆಯಾ ಪಾಟೀಲ?"

"ತಡಿಯೋ. 17ನೇ ಶತಮಾನದಲ್ಲಿ ಪ್ಯಾರಿಸ್ಸಿನ ಕಾರ್ಮೆಲೈಟ್ ಅನ್ನೋ ಕ್ರೈಸ್ತ ಮಠದವರು ಇದರಿಂದ ಔಷಧಿ ನೀರು ಮಾಡಿದರು. ತಲೆನೋವು, ಅಜೀರ್ಣ ಎಲ್ಲಕ್ಕೂ ಅದೇ."

"ಬರೀ ನೀರಾ ಸರ್?"

"ಅಂದರೆ... ಆಲ್ಕೋಹಾಲ್ ಇರುತ್ತಿತ್ತು."

"ಮತ್ತೆ ನಿದ್ದೆ ಬರದೆ ಎಲ್ಲಿ ಹೋಗುತ್ತೆ!"

ಪಾಟೀಲ ತನ್ನ ಐದನೇ ಮಿರ್ಚಿಗೆ ಕೈ ಹಾಕಿದ. "ನಗ್ರಿ, ನಗ್ರಿ. ಹೊಟ್ಟೆ ಉಬ್ಬರಕ್ಕೂ ಇದು ಒಳ್ಳೇದು."

"ಮಿರ್ಚಿ ಕೆಳಗಿಡು, ಅದು ಇನ್ನೂ ಒಳ್ಳೇದು. ಮನೆಯಲ್ಲಿ ಅಜವಾನ ಇಲ್ಲವೇನು? ಅದಕ್ಕೆ ಇಂಗ್ಲಿಷ್ ಹೆಸರಿಟ್ಟು ಕುಂಡದಲ್ಲಿ ಮಾರಿದ್ದರೆ ಕುಡಿಯುತ್ತಿದ್ದೆ. ಆಡು ತಿಂದರೆ ತಪ್ಪಲು, ಪಾಟೀಲ ಕುಡಿದರೆ ಹರ್ಬಲು."

ಮಾಸ್ತರರ ಪಾಠ ಇನ್ನೂ ಮುಗಿದಿರಲಿಲ್ಲ. "ಥೈರಾಯ್ಡ್ ಗುಳಿಗೆ, ನಿದ್ದೆ ಗುಳಿಗೆ ತಗೊಳ್ಳೋರು ಡಾಕ್ಟರನ್ನು ಕೇಳಿಯೇ ಕುಡಿಯಬೇಕು. ಇನ್ನೊಂದು, ಜ್ವರ ಬಂದಾಗ ತುಟಿ ಮೇಲೆ ಗುಳ್ಳೆ ಏಳುತ್ತಲ್ಲ? ಯುರೋಪಿನಲ್ಲಿ ಅದಕ್ಕೆ ಇದರ ಮುಲಾಮೇ ಸಿಗುತ್ತೆ."

ಬಸಣ್ಣ ಟೇಬಲ್ ಕುಟ್ಟಿದ. "ಮುಲಾಮು! ನಾನು ಮೊದಲೇ ಹೇಳಿದ್ದೆನಲ್ಲ, ಹಚ್ಚೋದೇ!"

ಬಿಸಿನೀರು ಬಂತು. ಪಾಟೀಲ ಎಲೆ ಹಿಸುಕಿ ಗ್ಲಾಸಿಗೆ ಹಾಕಿದ. ಬಸಣ್ಣ ಇನ್ನೇನೋ ಅನ್ನಲು ಬಾಯಿ ತೆರೆದವನು ಸುಮ್ಮನಾದ.

"ಇದು ಮಜ್ಜಿಗೆ ಹುಲ್ಲಿನ ವಾಸನೆ ಅಲ್ವಾ ಸರ್?"

"ಹೌದು. ಎರಡರಲ್ಲೂ ಸಿಟ್ರಾಲ್ ಅಂತ ಒಂದು ಎಣ್ಣೆ ಅಂಶ ಇರುತ್ತೆ."

"ನಮ್ಮ ಬಚ್ಚಲ ನೀರು ಹೋಗೋ ಕಡೆ ದೊಡ್ಡ ಮೆಳೆ ಇತ್ತು. ನೆಗಡಿ ಬಂದರೆ ಅವ್ವ ನಾಲ್ಕು ಎಲೆ ಹರಿದು, ಗಂಟು ಹಾಕಿ ಚಹಾಕ್ಕೆ ಬಿಡುತ್ತಿದ್ದಳು. ಶಾಲೆ ತಪ್ಪಿಸಲಿಕ್ಕೆ ನಾನು ಸುಳ್ಳು ನೆಗಡಿ ತರುತ್ತಿದ್ದೆ. ಅವಳಿಗೆ ಗೊತ್ತಾಗುತ್ತಿತ್ತು. ಆದರೂ ಮಾಡಿ ಕೊಡುತ್ತಿದ್ದಳು."

"ಈಗ ಇಲ್ಲವಾ ಅದು?"

"ಪಾಲಾದಾಗ ಹಿತ್ತಲು ಅಣ್ಣನಿಗೆ ಹೋಯಿತು. ಫರಸಿ ಹಾಕಿಸಿ ಕಾರು ನಿಲ್ಲಿಸಿದ್ದಾನೆ."

ಪಾಟೀಲ ಮಾತಾಡದೆ ಗ್ಲಾಸು ಅವನ ಕಡೆ ಸರಿಸಿದ. ಬಸಣ್ಣ ಒಂದು ಗುಟುಕು ಕುಡಿದ.

"ಹೆಂಗಿದೆ?"

"ಸಕ್ಕರೆ ಇಲ್ಲ" ಎಂದ. ಗ್ಲಾಸು ಮಾತ್ರ ಕೆಳಗಿಡಲಿಲ್ಲ.