ಟೆಸ್ಟರಿನಲ್ಲಿ ಎಂಟೂ ಲೈಟ್ ಹತ್ತುತ್ತದೆ, ಆದರೂ ಕೇಬಲ್ ನಿಧಾನ. ಯಾಕೆ?

ಕೂರ್ಮಗಡ:
ಕಾರವಾರದ ಕಡೆಯ ಸಣ್ಣ ಕಾಲೇಜು ನಮ್ಮದು. ನೆಟ್‌ವರ್ಕಿಂಗ್ ಲ್ಯಾಬಿಗೆ ಕ್ಯಾಟ್-5ಇ ಕೇಬಲ್ (ಎರಡೆರಡಾಗಿ ಹುರಿಗೊಂಡ ಎಂಟು ತಂತಿಯದ್ದು) ಎಳೆದು ನಾವೇ ಕ್ರಿಂಪ್ ಮಾಡಿದ್ದೇವೆ, ಅಂದರೆ ತುದಿಗೆ ಕನೆಕ್ಟರ್ ಒತ್ತಿ ಕೂರಿಸಿದ್ದೇವೆ. ಎರಡೂ ತುದಿಗೆ ಒಂದೇ ಕ್ರಮ: ಕಿತ್ತಳೆ ಜೋಡಿ, ಹಸಿರು ಜೋಡಿ, ನೀಲಿ ಜೋಡಿ, ಕಂದು ಜೋಡಿ. ಟೆಸ್ಟರಿನಲ್ಲಿ 1ರಿಂದ 8 ಸಾಲಾಗಿ ಹತ್ತುತ್ತದೆ. 2 ಮೀಟರಿನ ಕೇಬಲ್ಲಿಗೆ ತೊಂದರೆ ಇಲ್ಲ. 35 ಮೀಟರಿನದ್ದು ಹಾಕಿದರೆ ಲಿಂಕ್ 100 ಎಂಬಿಪಿಎಸ್‌ಗೆ ಇಳಿಯುತ್ತದೆ, ಫೈಲ್ ತಡೆತಡೆದು ಹೋಗುತ್ತದೆ. ಗಿಗಾಬಿಟ್ ಸ್ವಿಚ್ ಹಾಳಾಗಿರಬಹುದಾ?

ಕಾಳಿಸಂಗಮ:
ಸ್ವಿಚ್ಚಿಗೆ ಏನೂ ಆಗಿಲ್ಲ, ತಪ್ಪು ಆ ಬಣ್ಣದ ಸಾಲಿನಲ್ಲೇ ಇದೆ. ಈಥರ್ನೆಟ್ಟಿಗೆ ಕನೆಕ್ಟರಿನ ಪಿನ್ 1-2, 3-6, 4-5, 7-8 ಜೋಡಿ. ನಿಮ್ಮದರಲ್ಲಿ 3ಕ್ಕೆ ಹಸಿರು ಹುರಿಯ ತಂತಿ, 6ಕ್ಕೆ ನೀಲಿ ಹುರಿಯದು. ಒಂದು ಸಿಗ್ನಲ್ಲಿನ ಎರಡೂ ತಂತಿ ಒಂದೇ ಹುರಿಯಲ್ಲಿದ್ದರೆ ಪಕ್ಕದ ಜೋಡಿಯ ಗಲಾಟೆ ಎರಡಕ್ಕೂ ಸಮನಾಗಿ ತಾಗಿ ಕಳೆದುಹೋಗುತ್ತದೆ. ಬೇರೆಬೇರೆ ಹುರಿಗೆ ಹಂಚಿಹೋದರೆ ಅದು ಸಿಗ್ನಲ್ಲಿಗೇ ಸೇರುತ್ತದೆ. ಉದ್ದ ಹೆಚ್ಚಿದಷ್ಟೂ ಕಷ್ಟ. ಇದೇ ಸ್ಪ್ಲಿಟ್ ಪೇರ್. ನಿಮ್ಮ ಟೆಸ್ಟರ್ ನೋಡುವುದು ತಂತಿ ಈ ತುದಿಯಿಂದ ಆ ತುದಿಗೆ ಮುಟ್ಟಿದೆಯೇ ಎಂದಷ್ಟೇ. ಯಾವುದು ಯಾವುದರ ಜೊತೆ ಹುರಿಗೊಂಡಿದೆ ಎಂಬುದು ಅದಕ್ಕೆ ಕಾಣುವುದಿಲ್ಲ.

ಎರಡೂ ತುದಿ ಕತ್ತರಿಸಿ 568ಬಿ ಎಂಬ ಬಣ್ಣದ ಕ್ರಮ ಹಾಕಿ. ಕ್ಲಿಪ್ ಕೆಳಮುಖ, ಕೇಬಲ್ ನಿಮ್ಮ ಕಡೆ ಹಿಡಿದರೆ ಎಡದಿಂದ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಹುರಿ 13 ಮಿಲಿಮೀಟರಿಗಿಂತ ಹೆಚ್ಚು ಬಿಚ್ಚಬೇಡಿ. ಹೊರಗಿನ ಸಿಪ್ಪೆ ಕನೆಕ್ಟರಿನೊಳಗೆ ಹೋಗಿ ಹಲ್ಲಿಗೆ ಸಿಕ್ಕಬೇಕು, ಇಲ್ಲವಾದರೆ ಎಳೆದಾಗ ಭಾರವೆಲ್ಲ ತಂತಿಯ ಮೇಲೆಯೇ ಬೀಳುತ್ತದೆ.

ಶಾಲ್ಮಲಾ:
ಕತ್ತರಿಸಿದ ತುಂಡನ್ನು ಬ್ಲೇಡಿನಿಂದ ಕೆರೆದೂ ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರದ ಲೇಪದ ಅಲ್ಯೂಮಿನಿಯಂ. ಎರಡು ಸಲ ಬಗ್ಗಿಸಿದರೆ ಮುರಿಯುವ ಮಾಲು, ನಮ್ಮ ಉಪ್ಪುಗಾಳಿಗೆ ಕನೆಕ್ಟರಿನ ಹತ್ತಿರ ಬೇಗ ತಿನ್ನಿಸಿಕೊಳ್ಳುತ್ತದೆ. ಮಲ್ಟಿಮೀಟರಿನಲ್ಲೂ ಗೊತ್ತಾಗುತ್ತದೆ. ಒಂದು ತುದಿಯಲ್ಲಿ ಒಂದು ಜೋಡಿಯ ಎರಡು ತಂತಿ ಕೂಡಿಸಿ, ಇನ್ನೊಂದು ತುದಿಯಲ್ಲಿ ಅಳೆಯಿರಿ. 24 ಗೇಜಿನ ತಾಮ್ರಕ್ಕೆ 35 ಮೀಟರಿಗೆ ಸುಮಾರು 6 ಓಮ್. 9ರ ಹತ್ತಿರ ಬಂದರೆ ಅಂಗಡಿಗೆ ವಾಪಸ್ ಕೊಡಿ. ಮೀಟರಿನ ವೈರಿನದೇ ರೆಸಿಸ್ಟೆನ್ಸ್ ಮೊದಲು ಕಳೆಯಬೇಕು.

ಕೂರ್ಮಗಡ:
568ಬಿ ಹಾಕಿದ ಮೇಲೆ 1000 ಬಂತು, ತಂತಿಯೂ ತಾಮ್ರದ್ದೇ. ತುಂಬಾ ಉಪಕಾರವಾಯ್ತು. 80 ಮೀಟರ್ ದೂರದ ಇನ್ನೊಂದು ಕಟ್ಟಡಕ್ಕೂ ಇದೇ ಕೇಬಲ್ ಎಳೆಯಬಹುದಾ? ಮಿತಿ 100 ಮೀಟರ್ ತಾನೇ?

ಕಾಳಿಸಂಗಮ:
ಉದ್ದಕ್ಕೇನೋ ಸಾಕು, ಆದರೆ ಎಳೆಯಬೇಡಿ. ಎರಡು ಕಟ್ಟಡದ ಅರ್ಥಿಂಗ್ ಒಂದೇ ಮಟ್ಟದಲ್ಲಿರುವುದಿಲ್ಲ, ಹತ್ತಿರ ಸಿಡಿಲು ಬಿದ್ದರೆ ಎರಡೂ ಕಡೆಯ ಪೋರ್ಟ್ ಸುಡುತ್ತದೆ. ಮೇ ತಿಂಗಳ ಗುಡುಗಿಗೆ ಮೊದಲೇ ಸಿಂಗಲ್ ಮೋಡ್ ಫೈಬರ್ ಹಾಕಿ, ಅದು ಬೆಳಕು ಒಯ್ಯುವ ಗಾಜಿನ ಎಳೆ, ಕರೆಂಟ್ ಹರಿಯುವುದಿಲ್ಲ. ಉಕ್ಕಿನ ಕವಚದ್ದು ಬೇಡ, ಸಿಡಿಲಿಗೆ ಆ ಉಕ್ಕೇ ದಾರಿಯಾಗುತ್ತದೆ. ಒಂದೇ ಕೋರಿನ (ಒಂದೇ ಎಳೆಯ) ಮೀಡಿಯಾ ಕನ್ವರ್ಟರ್, ಅಂದರೆ ಈಥರ್ನೆಟ್ ಸಿಗ್ನಲ್ಲನ್ನು ಬೆಳಕಾಗಿ ಬದಲಿಸುವ ಡಬ್ಬಿ, ತಂದರೆ ಒಂದು ಕಡೆಗೆ 1310, ಇನ್ನೊಂದು ಕಡೆಗೆ 1550 ನ್ಯಾನೋಮೀಟರಿನಲ್ಲಿ ಕಳಿಸುವುದು ಬೇಕು. ಎರಡೂ ಒಂದೇ ತರಹದ್ದಾದರೆ ಲಿಂಕ್ ಬರುವುದೇ ಇಲ್ಲ. ಫೈಬರಿನ ಹಸಿರು ಕನೆಕ್ಟರನ್ನು ನೀಲಿಗೆ ಚುಚ್ಚಬೇಡಿ, ಹಸಿರಿನ ತುದಿಯನ್ನು 8 ಡಿಗ್ರಿ ಓರೆಯಾಗಿ ಉಜ್ಜಿರುತ್ತಾರೆ.