21 ದಿನದ ಲೆಕ್ಕ ಯಾರದ್ದು?

ಕಳೆದ ಸಂಚಿಕೆಯಲ್ಲಿ ಕಾಸರಗೋಡು ಜಿಲ್ಲೆಯ ಪೆರ್ಲದ ಓದುಗರೊಬ್ಬರು ಬರೆದಿದ್ದರು: ‘ಕೇರಳ ಪಿಎಸ್‌ಸಿ (ಲೋಕಸೇವಾ ಆಯೋಗ) ಪರೀಕ್ಷೆಗೆ ಓದುತ್ತಿದ್ದೇನೆ. ಜೊತೆಗೆ ತೋಟ, ಹಟ್ಟಿಯ ಕೆಲಸ. ಹುಮ್ಮಸ್ಸು ಬರಲಿ ಎಂದು ವ್ಯಕ್ತಿತ್ವ ವಿಕಸನದ ಪುಸ್ತಕಗಳ ಬೆನ್ನು ಹತ್ತಿದೆ. 21 ದಿನ ಬಿಡದೆ ಮಾಡಿದರೆ ಯಾವುದೂ ಅಭ್ಯಾಸವಾಗುತ್ತದೆ ಎನ್ನುತ್ತವೆ ಅವು. ಬೆಳಗ್ಗೆ ಐದಕ್ಕೆ ಏಳುವ ಅಭ್ಯಾಸ 21 ದಿನ ತುಂಬುವ ಮೊದಲೇ ಪ್ರತಿಸಲ ತಪ್ಪಿಹೋಗುತ್ತದೆ. ನನ್ನಲ್ಲೇ ಏನಾದರೂ ಕೊರತೆ ಇದೆಯಾ?’ ಅದಕ್ಕೆ ಬಂದ ಓದುಗರ ಉತ್ತರಗಳು ಇಲ್ಲಿವೆ.

ತಮ್ಮಾ, ಆ 21 ದಿನ ಎಲ್ಲಿಂದ ಬಂತು ಗೊತ್ತಾ? ಅಮೆರಿಕದಲ್ಲಿ ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಎಂಬ ಪ್ಲಾಸ್ಟಿಕ್ ಸರ್ಜನ್ ಇದ್ದರು. ಮೂಗು, ಮುಖ ತಿದ್ದಿಸಿಕೊಂಡವರಿಗೆ ಕನ್ನಡಿಯಲ್ಲಿ ಕಾಣುವ ಹೊಸ ಮುಖ ಒಗ್ಗಲು ಕಡಿಮೆಯೆಂದರೂ 21 ದಿನ ಬೇಕು ಎಂದು 1960ರ ತಮ್ಮ ಪುಸ್ತಕದಲ್ಲಿ ಬರೆದರು. ಆಮೇಲೆ ಬಂದವರು ‘ಕಡಿಮೆಯೆಂದರೂ’ ಬಿಟ್ಟರು, ಮೂಗನ್ನೂ ಬಿಟ್ಟರು. 21 ಮಾತ್ರ ಉಳಿಸಿಕೊಂಡರು!

ಕೂತು ಅಳೆದು ನೋಡಿದವರು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು. 96 ಜನರಿಗೆ ಒಂದೊಂದು ಸಣ್ಣ ಅಭ್ಯಾಸ ಆರಿಸಿಕೊಳ್ಳಲು ಹೇಳಿ 12 ವಾರ ಗಮನಿಸಿದರು. ಅಭ್ಯಾಸ ಮೈಗೂಡಲು ಕೆಲವರಿಗೆ 18 ದಿನ ಸಾಕು, ಕೆಲವರಿಗೆ 254 ದಿನವೂ ಬೇಕು ಎಂಬ ಅಂದಾಜು ಆ 12 ವಾರದ ಗತಿಯನ್ನು ಮುಂದಕ್ಕೆ ಲೆಕ್ಕ ಹಾಕಿದಾಗ ಸಿಕ್ಕಿತು. ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರೆ ನಡುವಿನವರ ಲೆಕ್ಕ 66 ದಿನ. ಮಧ್ಯೆ ಒಂದು ದಿನ ತಪ್ಪಿದರೂ ದೊಡ್ಡ ವ್ಯತ್ಯಾಸ ಆಗಲಿಲ್ಲ. ನೀನು ಒಂದು ದಿನ ತಪ್ಪಿದ ಕೂಡಲೇ ಪುನಃ ಒಂದರಿಂದ ಎಣಿಸುತ್ತೀ ಅಲ್ವಾ? ಬೇಸರ ಹುಟ್ಟುವುದೇ ಅಲ್ಲಿ. ಅಡಿಕೆಗೆ ಮದ್ದು ಬಿಡುವ ದಿನ ಓದಲಾಗದಿದ್ದರೆ ಬಿಡು. ಮರುದಿನ ಮುಂದುವರಿಸು.
– ನಿವೃತ್ತ ಟೀಚರ್, ಬದಿಯಡ್ಕ

ಪುಸ್ತಕಗಳನ್ನು ಕಟ್ಟಿ ಅಟ್ಟಕ್ಕೆ ಹಾಕಿ. ಹಳೇ ಪ್ರಶ್ನೆಪತ್ರಿಕೆ ಬಿಡಿಸಿ. ನಮ್ಮ ಜಿಲ್ಲೆಯಲ್ಲಿ ಕನ್ನಡ, ಮಲಯಾಳಂ ಎರಡೂ ಬಲ್ಲವರಿಗೆಂದೇ ಎಲ್‌ಡಿ (ಲೋವರ್ ಡಿವಿಷನ್) ಕ್ಲಾರ್ಕ್ ಹುದ್ದೆಗೆ ಅರ್ಜಿ ಕರೆಯುವುದುಂಟು. ಅದಕ್ಕೆ ಬೇಕಾದ್ದು ಮಲಯಾಳಂ ಓದು ಬರಹ, ಆ ಪುಸ್ತಕಗಳು ಹೇಳುವ ಕೋಟ್ಯಧಿಪತಿಯ ಮನಸ್ಸಲ್ಲ.
– ಓದುಗ, ಕುಂಬಳೆ

ಇಂಥ ಪುಸ್ತಕ ಎಲ್ಲ ದಂಡ ಎನ್ನುವವರು ಜಾಸ್ತಿ. ನಾನು ಒಪ್ಪುವುದಿಲ್ಲ. ಜೇಮ್ಸ್ ಕ್ಲಿಯರ್ ಅವರ ‘ಅಟಾಮಿಕ್ ಹ್ಯಾಬಿಟ್ಸ್’ (2018) ನನಗೆ ಉಪಕಾರಕ್ಕೆ ಬಂದಿದೆ. ದಿನಕ್ಕೆ ಶೇ. 1ರಷ್ಟು ಸುಧಾರಿಸಿದರೆ ವರ್ಷದಲ್ಲಿ 37 ಪಟ್ಟು ಎಂಬ ಮಾತನ್ನು ಮಾತ್ರ ನಂಬಿ ಕೂರಬೇಡಿ. ಅದು ಚಕ್ರಬಡ್ಡಿಯ ಗಣಿತ. ದಿನಕ್ಕೆ ಶೇ. 1 ಬಡ್ಡಿ ಯಾವ ಬ್ಯಾಂಕೂ ಕೊಡುವುದಿಲ್ಲ, ನಮ್ಮ ತಲೆಯೂ ಕೊಡುವುದಿಲ್ಲ. ಕೆಲಸಕ್ಕೆ ಬರುವುದು ಅದರಲ್ಲೇ ಇರುವ ಇನ್ನೊಂದು ಉಪಾಯ: ಹೊಸ ಅಭ್ಯಾಸವನ್ನು ಹಳೆಯದರ ಬಾಲಕ್ಕೆ ಕಟ್ಟುವುದು. ನಾನು ಅಂಗಡಿ ಗುಡಿಸಿ ದೀಪ ಹಚ್ಚಿದ ಮೇಲೆ ಬೇರೇನೂ ಮುಟ್ಟದೆ ಲೆಕ್ಕದ ಪುಸ್ತಕ ತೆರೆಯುತ್ತೇನೆ. ಗಿರಾಕಿ ಬರುವಷ್ಟರಲ್ಲಿ ನಿನ್ನೆಯ ಸಾಲವೆಲ್ಲ ಬರೆದಾಗಿರುತ್ತದೆ. ನೀವು ಐದು ಗಂಟೆಯ ಹಠ ಬಿಡಿ. ಹಟ್ಟಿಯ ಕೆಲಸ ಮುಗಿಸಿ ಚಾ ಕುಡಿಯುತ್ತೀರಲ್ಲ, ಲೋಟ ಕೆಳಗಿಟ್ಟ ಕೂಡಲೇ ಓದಲು ಕೂರಿ. ಮೊಬೈಲ್ ಬೇರೆ ಕೋಣೆಯಲ್ಲಿರಲಿ.
– ವ್ಯಾಪಾರಿ, ಉಪ್ಪಳ

ಐದಕ್ಕೆ ಏಳಿ ಎಂದು ಬರೆಯುವವರಿಗೆ ಆ ಹೊತ್ತಿಗೆ ಚಾ ಮಾಡಿ ಕೊಡಲು ಯಾರೋ ಇರುತ್ತಾರೆ ಎಂದು ನನಗೆ ಸಂಶಯ. ನಿಮ್ಮ ಮನೆಯಲ್ಲಿ ಐದಕ್ಕೆ ಏಳುವವರು ಅಮ್ಮ ಅಲ್ವಾ? ಅವರು ಯಾವ ಪುಸ್ತಕ ಓದಿ ಏಳುತ್ತಾರೆ, ಸುಮ್ನೆ ಕೇಳಿ ನೋಡಿ. ಮತ್ತೆ, ನಿಮ್ಮ ಆ ಪುಸ್ತಕಗಳು ಕನ್ನಡದವಾದರೆ, ಬೇಡವಾದರೆ, ನಮ್ಮೂರ ವಾಚನಾಲಯಕ್ಕೆ ಕೊಡಿ. ಕನ್ನಡದ ಕಪಾಟು ಅರ್ಧ ಖಾಲಿ ಇದೆ.
– ಗೃಹಿಣಿ, ಮುಳ್ಳೇರಿಯ